ನಡೆಯಿಂದ ನಡತೆ: ಕೃಷ್ಣಾತೀರದ ಕಥೆಗಳಲ್ಲಿ ಕೃತಿ, ಕರುಣೆ ಮತ್ತು ಶೀಲ

ಪಾತ್ರಚಿತ್ರಣವನ್ನು ಕುರಿತ ಪ್ರಶ್ನೆಗೆ ಉತ್ತರಿಸುವಾಗ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಬಹುಮಟ್ಟಿಗೆ ಗುಣಗಳ ಪಟ್ಟಿಯೊಂದನ್ನು ಬರೆದು ಮುಗಿಸುತ್ತಾರೆ. ಇವನು ಧೀರ, ಇವಳು ಸಹನಾಶೀಲೆ, ಇನ್ನೊಬ್ಬನು ದಯಾಳು ಎಂದು ಬರೆದರೆ ಅಂಕಗಳು ಬಾರದೆ ಇರುವುದಿಲ್ಲ. ಆದರೆ ಸಾಹಿತ್ಯದ ನಿಜವಾದ ಪ್ರಶ್ನೆ ಪಟ್ಟಿ ಮುಗಿದ ಮೇಲೆ ಆರಂಭವಾಗುತ್ತದೆ. ಆ ಗುಣ ಆ ವ್ಯಕ್ತಿಗೆ ಎಲ್ಲಿಂದ ಬಂದಿತು? ದಯಾಳುವಾಗಿದ್ದರಿಂದ ಅವನು ದಯೆ ತೋರಿದನೋ, ದಯೆ ತೋರುತ್ತ ತೋರುತ್ತ ದಯಾಳುವಾದನೋ? ಒಂದು ಕೆಟ್ಟ ಕೆಲಸ ಮಾಡಿದವನು ಆ ಕೆಲಸಕ್ಕೇ ಶಾಶ್ವತವಾಗಿ ಕಟ್ಟುಬಿದ್ದವನೋ, ಅಥವಾ ಅವನಿಗೆ ಬೇರೆಯವನಾಗುವ ದಾರಿಯುಂಟೋ?

ಈ ಪ್ರಶ್ನೆಗೆ ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ನೆಲದಲ್ಲಿ ಹುಟ್ಟಿದ ಅಥವಾ ಆ ನೆಲವನ್ನು ಹಾದುಹೋದ ಕಥೆಗಳಲ್ಲಿಯೇ ಉತ್ತರಗಳಿವೆ. ಇಂದು ಈ ಊರುಗಳು ತೆಲಂಗಾಣಕ್ಕೆ ಸೇರಿವೆ. ಆದರೆ 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ಗಡಿ ಈಚಿನದು, ಕಥೆಗಳು ಹಳೆಯವು. ಆದುದರಿಂದ ಕನ್ನಡ ಸಾಹಿತ್ಯಚರಿತ್ರೆಯ ಒಂದು ಮುಖ್ಯ ಅಧ್ಯಾಯವನ್ನು ಓದುವಾಗ ನಾವು ಈ ಗಡಿಯನ್ನು ಮನಸ್ಸಿನಲ್ಲಿ ದಾಟಬೇಕಾಗುತ್ತದೆ.

ಪದಗಳ ಸಾಕ್ಷ್ಯ

ಮೊದಲು ಪದಗಳನ್ನು ನೋಡೋಣ. ಮನುಷ್ಯನ ಗುಣವನ್ನು ಸೂಚಿಸಲು ಕನ್ನಡದಲ್ಲಿ ‘ನಡತೆ’, ‘ನಡವಳಿಕೆ’ ಎನ್ನುತ್ತೇವೆ. ಎರಡರ ಮೂಲವೂ ‘ನಡೆ’ ಎಂಬ ಕ್ರಿಯಾಪದ. ಗದ್ವಾಲದ ತೆಲುಗು ಮಾತಿನಲ್ಲಿಯೂ ‘ನಡತ’, ‘ನಡವಡಿಕ’ ಎಂಬ ಪದಗಳಿವೆ. ಮರಾಠಿಯ ‘ಚಾಲಚಲಣೂಕ’ ಹುಟ್ಟಿರುವುದೂ ‘ಚಾಲಣೆ’ ಎಂಬ, ನಡೆಯುವ ಅರ್ಥದ ಧಾತುವಿನಿಂದಲೇ. ಸಂಸ್ಕೃತದ ‘ಚಾರಿತ್ರ್ಯ’ಕ್ಕೂ ‘ಚರ್’ ಎಂಬ, ಚಲನೆಯನ್ನು ಹೇಳುವ ಧಾತುವೇ ಮೂಲ. ನಾಲ್ಕು ಭಾಷೆಗಳು ಒಂದೇ ಸಂಗತಿಯನ್ನು ಹೇಳುತ್ತಿವೆ: ಗುಣವೆಂಬುದು ಒಳಗೆ ಕುಳಿತಿರುವ ವಸ್ತುವಲ್ಲ, ನಡೆದು ನಡೆದು ಮೂಡಿದ ಕಾಲುದಾರಿ. ‘ಶೀಲ’ ಎಂಬ ಪದವೂ ಹೀಗೆಯೇ. ಅದರ ಧಾತುವಿಗೆ ಮತ್ತೆ ಮತ್ತೆ ಮಾಡು, ರೂಢಿಸಿಕೊ ಎಂಬ ಅರ್ಥವಿದೆ. ‘ಪರಿಶೀಲನ’, ‘ಅನುಶೀಲನ’ ಎಂಬ ಪದಗಳಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಗ್ರೀಸಿನ ಅರಿಸ್ಟಾಟಲ್ ಕೂಡ ತನ್ನ ನೀತಿಶಾಸ್ತ್ರದಲ್ಲಿ ಇದೇ ನಿಲುವನ್ನು ಮಂಡಿಸಿದ್ದಾನೆ. ವೀಣೆ ಬಾರಿಸಿ ವೈಣಿಕನಾಗುವಂತೆ ನ್ಯಾಯದ ಕೆಲಸಗಳನ್ನು ಮಾಡಿ ಮನುಷ್ಯ ನ್ಯಾಯವಂತನಾಗುತ್ತಾನೆ ಎಂಬುದು ಅವನ ವಾದದ ಸಾರ.

ಇನ್ನೊಂದು ಪದ ‘ಅಂತಃಕರಣ’. ಶಾಸ್ತ್ರಗ್ರಂಥಗಳಲ್ಲಿ ಇದು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರಗಳ ಸಮೂಹಕ್ಕೆ ಹೆಸರು. ಮರಾಠಿ ಮತ್ತು ಕನ್ನಡ ಎರಡರಲ್ಲಿಯೂ ಶಾಲೆ ಕಲಿತ ನನ್ನಂಥವರಿಗೆ ಇಲ್ಲಿ ಒಂದು ವ್ಯತ್ಯಾಸ ಬೇಗ ಕಾಣುತ್ತದೆ. ಮರಾಠಿಯಲ್ಲಿ ಈ ಪದ ಬಹುಮಟ್ಟಿಗೆ ‘ಹೃದಯ’, ‘ಮನಸ್ಸು’ ಎಂಬ ಅರ್ಥದಲ್ಲಿಯೇ ನಿಂತಿದೆ, ಕರುಣೆಗೆ ಅಲ್ಲಿ ‘ಕಣವ’ ಎಂಬ ಬೇರೆ ಪದವಿದೆ. ನಮ್ಮ ಕಡೆಯ ಕನ್ನಡದಲ್ಲಿ ಮಾತ್ರ ‘ಅವನಿಗೆ ಅಂತಃಕರಣವಿಲ್ಲ’ ಎಂದರೆ ಅವನಿಗೆ ಕರುಣೆಯಿಲ್ಲವೆಂದೇ ಅರ್ಥ. ಒಳಗೊಂದು ಮನಸ್ಸಿರುವುದೂ ಇನ್ನೊಬ್ಬರಿಗಾಗಿ ಮರುಗುವುದೂ ಒಂದೇ ಎಂದು ಜನರ ಮಾತು ತೀರ್ಮಾನಿಸಿಬಿಟ್ಟಿದೆ.

ಹಿಟ್ಟಿನ ಕೋಳಿ

ಕೃತಿ ಮತ್ತು ಶೀಲದ ಸಂಬಂಧವನ್ನು ಹಳಗನ್ನಡದಲ್ಲಿ ಅತ್ಯಂತ ತೀಕ್ಷ್ಣವಾಗಿ ವಿಚಾರಿಸಿದ ಕಾವ್ಯ ಜನ್ನನ ‘ಯಶೋಧರ ಚರಿತೆ’ (1209). ಅದರ ಕಥೆಯನ್ನು ನೀವು ಬಲ್ಲಿರಿ. ರಾಣಿ ಅಮೃತಮತಿಯು ಅಷ್ಟಾವಂಕನಲ್ಲಿ ಮನಸ್ಸಿಟ್ಟದ್ದನ್ನು ಯಶೋಧರ ಕಾಣುತ್ತಾನೆ. ಕೊಲ್ಲಲು ಎತ್ತಿದ ಕೈಯನ್ನು ತಡೆದುಕೊಳ್ಳುತ್ತಾನೆ. ಮರುದಿನ ತಾಯಿಗೆ ನಿಜ ಹೇಳದೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ತಾಯಿ ಚಂದ್ರಮತಿ ಬಲಿಯನ್ನು ಸೂಚಿಸುತ್ತಾಳೆ. ಜೀವಹಿಂಸೆಗೆ ಅವನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಬಲಿಕೊಡಲು ಒಪ್ಪುತ್ತಾನೆ. ಆ ಒಂದು ಕೃತ್ಯಕ್ಕಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಮುಂತಾದ ಹಲವು ಪ್ರಾಣಿಜನ್ಮಗಳನ್ನು ಸುತ್ತಬೇಕಾಗುತ್ತದೆ.

ಹಿಟ್ಟಿಗೆ ಜೀವವಿಲ್ಲವಲ್ಲ, ಇಷ್ಟೊಂದು ಶಿಕ್ಷೆ ಏಕೆ ಎಂದು ಓದುಗರು ಕೇಳುವುದು ಸಹಜ. ಜೈನ ತತ್ತ್ವದ ಉತ್ತರ ಸಂಕಲ್ಪಹಿಂಸೆ: ಕೊಲ್ಲುವ ಸಂಕಲ್ಪ ಮಾಡಿದರೆ ಕೊಂದಂತೆಯೇ. ಆದರೆ ನಮ್ಮ ವಿಷಯಕ್ಕೆ ಇನ್ನೊಂದು ಉತ್ತರವೂ ಇದರಲ್ಲಿದೆ. ಕೃತಿಯ ಪರಿಣಾಮ ಎರಡು ಕಡೆ ಆಗುತ್ತದೆ. ಒಂದು ಅದಕ್ಕೆ ಗುರಿಯಾದವರ ಮೇಲೆ, ಇನ್ನೊಂದು ಮಾಡಿದವನ ಮೇಲೆ. ಹಿಟ್ಟಿನ ಕೋಳಿಯಲ್ಲಿ ಮೊದಲನೆಯ ಪರಿಣಾಮ ಶೂನ್ಯ, ಎರಡನೆಯದು ಮಾತ್ರ ಉಳಿದಿದೆ. ಕತ್ತಿ ಬೀಸುವ ಕೈಗೆ ಆ ಚಲನೆ ಅಭ್ಯಾಸವಾಯಿತು. ತಾನು ಒಪ್ಪದ್ದನ್ನು ಅರ್ಧ ಒಪ್ಪುವುದು ಮನಸ್ಸಿಗೆ ಅಭ್ಯಾಸವಾಯಿತು. ಯಾರಿಗೂ ನೋವಾಗಲಿಲ್ಲವೆಂಬ ಸಮಾಧಾನದಿಂದ ನಾವು ಆಡುವ ಸಣ್ಣ ಸುಳ್ಳು, ಬೆನ್ನ ಹಿಂದೆ ಮಾಡುವ ಸಣ್ಣ ಅವಹೇಳನ ಇವೆಲ್ಲ ಹಿಟ್ಟಿನ ಕೋಳಿಗಳೇ ಅಲ್ಲವೆ?

ಕಾವ್ಯ ಅಲ್ಲಿಗೆ ನಿಲ್ಲುವುದಿಲ್ಲವೆಂಬುದನ್ನು ಮರೆಯಬಾರದು. ಈ ಕಥೆಯನ್ನು ಹೇಳುವವನು ಚಂಡಮಾರಿಗೆ ಬಲಿಯಾಗಲು ನಿಂತಿರುವ ಹುಡುಗ ಅಭಯರುಚಿ. ಕೇಳುವವನು ಅವನನ್ನು ಕಡಿಯಲು ಕತ್ತಿ ಹಿಡಿದಿರುವ ರಾಜ ಮಾರಿದತ್ತ. ಕಥೆ ಮುಗಿಯುವಾಗ ಮಾರಿದತ್ತ ಬೇರೆ ಮನುಷ್ಯನಾಗಿರುತ್ತಾನೆ. ಕೃತಿ ಮನುಷ್ಯನನ್ನು ಕಟ್ಟಿಹಾಕಬಲ್ಲುದು, ಕರುಣೆ ಆ ಕಟ್ಟನ್ನು ಬಿಚ್ಚಬಲ್ಲುದು ಎಂಬ ಎರಡು ಮಾತನ್ನೂ ಜನ್ನ ಒಂದೇ ಕಾವ್ಯದಲ್ಲಿ ಹೇಳಿದ್ದಾನೆ.

ಉತ್ತನೂರಿನ ದಾನ

ಈಗ ಗದ್ವಾಲ ಸೀಮೆಗೆ ಬರೋಣ. ಇಂದಿನ ಜೋಗುಳಾಂಬ ಗದ್ವಾಲ ಜಿಲ್ಲೆಯ ಐಜ ಮಂಡಲದಲ್ಲಿ ಉತ್ತನೂರು ಎಂಬ ಊರಿದೆ. ಹರಿದಾಸ ಪರಂಪರೆಯ ಗೋಪಾಲದಾಸರು ನೆಲೆಸಿದ್ದ ಊರು ಇದು. ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಜನಿಸಿದ ಅವರ ಮೊದಲ ಹೆಸರು ಭಾಗಣ್ಣ. ಚೀಕಲಪರವಿಯ ವಿಜಯದಾಸರು ಅವರ ಗುರುಗಳು. ಮಾನ್ವಿಯ ಕಡೆಯ ಬ್ಯಾಗವಟ್ಟಿಯ ಶ್ರೀನಿವಾಸಾಚಾರ್ಯರು ಮುಂದೆ ಜಗನ್ನಾಥದಾಸರೆಂದು ಪ್ರಸಿದ್ಧರಾದವರು. ಈ ಊರುಗಳೆಲ್ಲ 1956ರ ಮೊದಲು ಒಂದೇ ಜಿಲ್ಲೆಯ ಒಳಗಿದ್ದವೆಂಬುದನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿರಿ.

ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದಲ್ಲಿ ಪದ ಹಾಡುತ್ತ, ಕಾಲಿಗೆ ಗೆಜ್ಜೆ ಕಟ್ಟಿ ಊರೂರು ತಿರುಗುವ ದಾಸರ ವಿಷಯದಲ್ಲಿ ಅವರಿಗೆ ಆದರವಿರಲಿಲ್ಲ. ವಿಜಯದಾಸರು ಮಾನ್ವಿಗೆ ಬಂದಾಗ ಅವರನ್ನು ಭೋಜನಕ್ಕೆ ಆಹ್ವಾನಿಸಿದರು. ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ಮುಂದೆ ಆ ನೆಪವೇ ನಿಜವಾಯಿತೆಂದೂ ಅವರಿಗೆ ಅಸಾಧ್ಯವಾದ ಉದರಶೂಲೆ ಬಂದಿತೆಂದೂ ಪರಂಪರೆ ಹೇಳುತ್ತದೆ. ಕೊನೆಗೆ ಅವರು ತಾವು ಅವಮಾನಿಸಿದ ವಿಜಯದಾಸರನ್ನೇ ಮೊರೆಹೊಕ್ಕರು. ವಿಜಯದಾಸರು ಅವರನ್ನು ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಆಚಾರ್ಯರಿಗೆ ಧಾರೆಯೆರೆದರು. ಗೋಪಾಲದಾಸರು 1762ರಲ್ಲಿ, ಸುಮಾರು ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಜಗನ್ನಾಥದಾಸರು 1809ರವರೆಗೆ, ಎಂಬತ್ತು ದಾಟಿ ಬಾಳಿದರು.

ಇದನ್ನು ಪವಾಡವೆಂದು ನಂಬುವವರು ನಂಬಲಿ, ನಂಬದವರು ಬಿಡಲಿ. ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದುದು ಕಥೆಯ ರಚನೆಯನ್ನು. ಅದರಲ್ಲಿ ಮೂರು ಕೃತಿಗಳಿವೆ. ಮೊದಲನೆಯದು ಆಚಾರ್ಯರ ನೆಪ. ಅದೊಂದು ಸಣ್ಣ ಸುಳ್ಳು, ಆದರೆ ಅದರ ಹಿಂದೆ ಇರುವುದು ತಿರಸ್ಕಾರ. ಇನ್ನೊಬ್ಬರ ಎಲೆಗೆ ಕೂರಲು ಒಲ್ಲೆನೆಂಬ ಮನಸ್ಸು ನಮ್ಮ ಸಮಾಜದಲ್ಲಿ ಎಷ್ಟು ಆಳವಾದ ಗಾಯಗಳನ್ನು ಮಾಡಿದೆಯೆಂದು ನೀವು ಬಲ್ಲಿರಿ. ಎರಡನೆಯದು ವಿಜಯದಾಸರ ಕೃತಿ. ಅವಮಾನಿಸಿದವನು ಬಾಗಿಲಿಗೆ ಬಂದಾಗ ಅವರು ಲೆಕ್ಕ ತೀರಿಸಲಿಲ್ಲ, ದಾರಿ ತೋರಿದರು. ಪ್ರಾಣ ಬಿಡಲು ಹೊರಟಿದ್ದ ತಾಯಿಯೊಬ್ಬಳನ್ನೂ ಅವಳ ಕೂಸನ್ನೂ ಉಳಿಸಿ ಮನೆಗೆ ಕರೆತಂದವರು ಅವರು; ಆ ಕೂಸು ಮುಂದೆ ಮೋಹನದಾಸರಾಯಿತು. ಅಂಥವರಿಗೆ ಆ ಸಂದರ್ಭದಲ್ಲಿ ಬೇರೆ ರೀತಿ ನಡೆಯಲು ಬರುತ್ತಿರಲಿಲ್ಲ. ರೂಢಿಯಾದ ಕರುಣೆಯೇ ಶೀಲ ಎಂದರೆ ಇದು. ಮೂರನೆಯದು ಗೋಪಾಲದಾಸರ ದಾನ. ತಮ್ಮನ್ನು ಅವಮಾನಿಸಿರದ, ತಮಗೆ ಏನೂ ಆಗಬೇಕಾಗಿರದ ಒಬ್ಬ ಮನುಷ್ಯನಿಗೆ ಅವರು ಕೊಟ್ಟದ್ದು ಉಳಿದಿದ್ದರಲ್ಲಿ ಒಂದು ಪಾಲನ್ನಲ್ಲ, ತಮ್ಮ ಬಾಳಿನ ಅರ್ಧವನ್ನು.

ಈ ಕರುಣೆ ಪಡೆದವನನ್ನು ಏನು ಮಾಡಿತು? ಇಲ್ಲಿ ನಮಗೆ ಕಥೆಯಷ್ಟೇ ಅಲ್ಲ, ಕೃತಿಯ ಸಾಕ್ಷ್ಯವೂ ಇದೆ. ಆಚಾರ್ಯರು ಗುರುವಿನ ಆಜ್ಞೆಯಂತೆ ಪಂಢರಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಮಿಂದು ‘ಜಗನ್ನಾಥವಿಠಲ’ ಎಂಬ ಅಂಕಿತವನ್ನು ಪಡೆದರು. ಮರಾಠಿಯ ವಾರಕರಿಗಳೂ ಕನ್ನಡದ ದಾಸರೂ ಒಂದೇ ವಿಠಲನ ಮುಂದೆ ನಿಲ್ಲುವ ಊರು ಅದು. ಅನಂತರ ಅವರು ತಮ್ಮ ಪಾಂಡಿತ್ಯವನ್ನೆಲ್ಲ ತಾವು ಹಿಂದೆ ಹಗುರಾಗಿ ಕಂಡ ಕನ್ನಡದಲ್ಲಿಯೇ, ಭಾಮಿನೀ ಷಟ್ಪದಿಯಲ್ಲಿ ಇಳಿಸಿ ‘ಹರಿಕಥಾಮೃತಸಾರ’ವನ್ನು ರಚಿಸಿದರು. ಅದರಲ್ಲಿ ಮಂಗಳಾಚರಣೆಯ ಬೆನ್ನಿಗೇ ಬರುವುದು ‘ಕರುಣಾಸಂಧಿ’. ಸ್ವಲ್ಪ ಮುಂದೆ ಬರುವುದು ‘ಭೋಜನಸಂಧಿ’. ಊಟದ ಕರೆಯನ್ನು ತಿರಸ್ಕರಿಸಿದವರೆಂದು ಪರಂಪರೆ ನೆನೆಯುವ ಕವಿ ಅನ್ನವನ್ನೂ ಕರುಣೆಯನ್ನೂ ಕಾವ್ಯದ ಆರಂಭದಲ್ಲಿಯೇ ಇರಿಸಿದ್ದಾನೆ. ಸಂಧಿಗಳ ಕ್ರಮಕ್ಕೆ ತಾತ್ತ್ವಿಕ ಕಾರಣಗಳು ಇದ್ದೇ ಇವೆ. ಆದರೂ ಆ ಜೀವನಚರಿತ್ರೆಯನ್ನು ಬಲ್ಲ ಓದುಗನಿಗೆ ಈ ಎರಡು ಹೆಸರುಗಳು ಬೇರೆಯೇ ಧ್ವನಿಯಲ್ಲಿ ಕೇಳಿಸುತ್ತವೆ.

ಕುರುವಪುರದ ಮಡಿವಾಳ

ತಂಗಡಿಯ ಬಳಿ ಭೀಮೆ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ ನದಿಯ ನಡುಗಡ್ಡೆಯಲ್ಲಿ ಕುರುವಪುರವಿದೆ. ನಡುಗಡ್ಡೆ ರಾಯಚೂರು ಜಿಲ್ಲೆಯದು, ಆದರೆ ಮಕ್ತಲದ ಕಡೆಯಿಂದ ನದಿ ದಾಟಿ ಬರುವ ಭಕ್ತರೇ ಬಹಳ. ಶ್ರೀಪಾದ ಶ್ರೀವಲ್ಲಭರ ಈ ಕ್ಷೇತ್ರದ ಕಥೆಗಳು ದೊರೆಯುವುದು ಮರಾಠಿಯ ‘ಗುರುಚರಿತ್ರೆ’ಯಲ್ಲಿ. ಅದನ್ನು ಬರೆದ ಸರಸ್ವತೀ ಗಂಗಾಧರನ ಮನೆಮಾತು ಕನ್ನಡವಾಗಿದ್ದಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಕನ್ನಡ ನದಿಯ ಕಥೆ, ಕನ್ನಡಿಗನ ಲೇಖನಿ, ಮರಾಠಿ ಓವಿ: ಗಡಿಸೀಮೆಯ ಸಾಹಿತ್ಯ ಹೀಗೆಯೇ ಇರುತ್ತದೆ.

ಅಲ್ಲಿ ಎರಡು ಕಥೆಗಳು ನಮ್ಮ ವಿಷಯಕ್ಕೆ ಸೇರಿವೆ. ಮೊದಲನೆಯದು ಮಂದಬುದ್ಧಿಯ ಮಗನದು. ವಿದ್ವಾಂಸನಾಗಿದ್ದ ತಂದೆ ತೀರಿಹೋಗಿದ್ದಾನೆ. ಮಗನಿಗೆ ವಿದ್ಯೆ ಹತ್ತುವುದಿಲ್ಲ. ಊರಿನವರ ಮೂದಲಿಕೆ ತಾಳಲಾರದೆ ತಾಯಿ ಮಗ ಇಬ್ಬರೂ ಕೃಷ್ಣೆಗೆ ಬೀಳಲು ಬರುತ್ತಾರೆ. ಗುರು ತಡೆದು ಸಂತೈಸುತ್ತಾನೆ, ಹುಡುಗನ ತಲೆಯ ಮೇಲೆ ಕೈಯಿರಿಸುತ್ತಾನೆ. ಇಲ್ಲಿ ಯಾರ ಶೀಲ ಪರೀಕ್ಷೆಗೆ ಒಳಗಾಗಿದೆ? ಹುಡುಗನದಲ್ಲ. ಮೂದಲಿಸಿದ ಊರಿನದು. ಒಬ್ಬೊಬ್ಬರು ಆಡಿದ್ದು ಒಂದೊಂದೇ ಮಾತು. ಆದರೆ ಎಲ್ಲವೂ ಕೂಡಿ ಎರಡು ಜೀವಗಳನ್ನು ನದಿಯವರೆಗೆ ತಳ್ಳಿದವು. ಹುಡುಗನ ತಲೆಯ ಮೇಲೆ ಬಿದ್ದ ಒಂದು ಕೈ ಅವೆಲ್ಲಕ್ಕೂ ಉತ್ತರವಾಯಿತು.

ಎರಡನೆಯದು ಮಡಿವಾಳನ ಕಥೆ. ಅವನು ಪ್ರತಿದಿನವೂ ಗುರುವಿನ ಬಟ್ಟೆ ಒಗೆದು, ಅಂಗಳ ಗುಡಿಸಿ ಸೇವೆ ಮಾಡುತ್ತಿದ್ದ. ಒಮ್ಮೆ ನದಿಯಲ್ಲಿ ರಾಜನ ವೈಭವವನ್ನು ಕಂಡು ಆಸೆಪಟ್ಟ. ಗುರು ಅವನನ್ನು ಗದರಿಸಲಿಲ್ಲ. ಆಸೆಯನ್ನು ಗುರುತಿಸಿ, ಮುಂದಿನ ಜನ್ಮದಲ್ಲಿ ರಾಜನಾಗೆಂದು ಹರಸಿದ. ಆ ಮಡಿವಾಳ ಬೀದರದಲ್ಲಿ ಮುಸಲ್ಮಾನ ಅರಸನಾಗಿ ಹುಟ್ಟಿದ. ಅವನಿಗೆ ವ್ರಣವಾದಾಗ ಭೀಮಾತೀರದ ಗಾಣಗಾಪುರಕ್ಕೆ ಬಂದು ನೃಸಿಂಹ ಸರಸ್ವತಿಯವರನ್ನು ಕಂಡ, ಹಿಂದಿನ ನೆನಪು ಮರಳಿತು ಎಂದು ಗ್ರಂಥ ಹೇಳುತ್ತದೆ. ಒಂದು ಜನ್ಮದ ಸೇವೆ ಇನ್ನೊಂದು ಜನ್ಮದಲ್ಲಿ ಇತರ ಮತದವರ ಬಗೆಗಿನ ಆದರವಾಗಿ ಕಾಣಿಸಿಕೊಂಡಿತೆಂಬುದು ಕಥೆಯ ನಿಲುವು. ಇಲ್ಲಿ ವಿಮರ್ಶೆಗೂ ಅವಕಾಶವಿದೆ. ಬಡವನ ಆಸೆಗೆ ಈ ಜನ್ಮದಲ್ಲಿಯೇ ನೆಲೆ ದೊರೆಯಬಾರದೇಕೆ, ಮುಂದಿನ ಜನ್ಮದವರೆಗೆ ಕಾಯಬೇಕೇಕೆ ಎಂದು ನೀವು ಕೇಳಬಹುದು. ಕೇಳಲೇಬೇಕು. ಆದರೆ ಜಾತಿ, ಮತ, ಪದವಿ ಮೂರನ್ನೂ ದಾಟಿ ಒಂದು ಸಂಬಂಧ ಉಳಿಯಿತೆಂದು ಕಲ್ಪಿಸಿಕೊಂಡ ಮನಸ್ಸಿನ ವಿಸ್ತಾರವನ್ನು ಆ ಪ್ರಶ್ನೆಯ ಜೊತೆಯಲ್ಲಿಯೇ ಕಾಣಬೇಕು.

ಮರುಕವೊಂದೇ ಸಾಲದು

ಈ ಕಥೆಗಳಿಂದ ಒಂದು ತಾತ್ಪರ್ಯ ಹೊರಡುತ್ತದೆ. ಕರುಣೆ ಎಂಬುದು ಭಾವನೆಯಾಗಿ ಆರಂಭವಾದರೂ ಕೃತಿಯಾಗದೆ ಪೂರ್ಣವಾಗುವುದಿಲ್ಲ. ಪೈಠಣದ ಏಕನಾಥರ ಪ್ರಸಂಗ ಮರಾಠಿ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಕಾಶಿಯಿಂದ ಕಾವಡಿಯಲ್ಲಿ ಹೊತ್ತು ತಂದ ಗಂಗೆಯನ್ನು ರಾಮೇಶ್ವರದ ಲಿಂಗಕ್ಕೆ ಎರೆಯಬೇಕಾಗಿತ್ತು. ದಾರಿಯಲ್ಲಿ ಬಾಯಾರಿ ಬಿದ್ದಿದ್ದ ಕತ್ತೆಯ ಬಾಯಿಗೆ ಅವರು ಅದನ್ನು ಎರೆದರು. ಯಶೋಧರ ಆಚಾರವನ್ನು ಉಳಿಸಿಕೊಂಡು ಅಂತಃಕರಣವನ್ನು ಕಳೆದುಕೊಂಡ. ಏಕನಾಥರು ಆಚಾರವನ್ನು ಬಿಟ್ಟು ಅಂತಃಕರಣವನ್ನು ಉಳಿಸಿಕೊಂಡರು. ಅಯ್ಯೋ ಪಾಪ ಎಂದು ಮರುಗಿ ಮುಂದೆ ನಡೆದಿದ್ದರೆ ಅವರಿಗೂ ಉಳಿದ ಯಾತ್ರಿಕರಿಗೂ ಭೇದವಿರುತ್ತಿರಲಿಲ್ಲ.

ಕೃತಿ ಮತ್ತು ಕರುಣೆ ಹೇಗೆ ಸೇರಬೇಕೆಂಬುದಕ್ಕೆ ಗದ್ವಾಲದ ನೇಕಾರರ ಮಗ್ಗವೇ ಹೋಲಿಕೆ. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಒಡಲಿಗೂ ಅಂಚಿಗೂ ಬೇರೆ ಬೇರೆ ಲಾಳಿಗಳು. ಎರಡೂ ಕೂಡುವ ಗೆರೆಯಲ್ಲಿ ಪ್ರತಿಯೊಂದು ಹೊಕ್ಕಿನ ಎಳೆಯನ್ನೂ ಒಂದಕ್ಕೊಂದು ಸಿಕ್ಕಿಸುತ್ತ ಹೋಗಬೇಕು. ನೇಯ್ದ ಮೇಲೆ ಅಂಚನ್ನು ತಂದು ಹೊಲಿದರೆ ಅದು ಗದ್ವಾಲ ಸೀರೆಯಾಗುವುದಿಲ್ಲ. ಶೀಲವೂ ಹಾಗೆಯೇ. ದಿನದ ಕೆಲಸಗಳನ್ನೆಲ್ಲ ನಿಷ್ಕರುಣೆಯಿಂದ ಮಾಡಿ, ಹಬ್ಬದ ದಿನ ಒಂದಿಷ್ಟು ದಾನ ಮಾಡಿದರೆ ಅದು ಹೊಲಿದ ಅಂಚು.

ನಮ್ಮ ತರಗತಿಗೆ ಇದರಿಂದೇನು

ನಾರಾಯಣಪೇಟೆ, ಮಕ್ತಲ, ಗದ್ವಾಲದ ಕಡೆಯಿಂದ ಕನ್ನಡ ಓದಲು ಬರುವವರ ಮಾತಿನಲ್ಲಿ ತೆಲುಗು, ಮರಾಠಿ, ಉರ್ದು ಬೆರೆತಿರುತ್ತವೆ. ವಿಭಕ್ತಿ ಒಮ್ಮೆ ತಪ್ಪುತ್ತದೆ, ಮಹಾಪ್ರಾಣ ಒಮ್ಮೆ ಜಾರುತ್ತದೆ. ಆಗ ಪಕ್ಕದ ಬೆಂಚಿನಿಂದ ಬರುವ ನಗೆ ಸಣ್ಣದೆಂದು ನಗುವವರಿಗೆ ಅನ್ನಿಸುತ್ತದೆ. ಆದರೆ ಹಾಗೆ ನಗಿಸಿಕೊಂಡವರು ಮುಂದೆ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾರೆ, ಕೆಲವರು ಕನ್ನಡವನ್ನೇ ಬಿಡುತ್ತಾರೆ. ಗಡಿಯಾಚೆ ಕನ್ನಡ ಓದುವ ಒಬ್ಬೊಬ್ಬರೂ ಕಳೆದುಹೋದರೆ ಆ ನಷ್ಟ ಅವರೊಬ್ಬರದೇ ಅಲ್ಲ. ಕುರುವಪುರದ ತಾಯಿ ಮಗನನ್ನು ನದಿಗೆ ತಳ್ಳಿದ ಮೂದಲಿಕೆಗೂ ಈ ನಗೆಗೂ ಕುಲ ಒಂದೇ. ಶ್ರೀನಿವಾಸಾಚಾರ್ಯರು ದಾಸರ ಕನ್ನಡವನ್ನು ಕಂಡ ಕಣ್ಣಿಗೂ, ನಾವು ಗಡಿಯ ಕನ್ನಡವನ್ನು ಕಾಣುವ ಕಣ್ಣಿಗೂ ಎಷ್ಟು ಅಂತರವಿದೆಯೆಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ನಿಮ್ಮಲ್ಲಿ ಹಲವರು ನಾಳೆ ಅಧ್ಯಾಪಕರಾಗುವವರು. ತಪ್ಪನ್ನು ತಿದ್ದಲೇಬೇಕು, ತಿದ್ದದೆ ಬಿಡುವುದು ಕರುಣೆಯಲ್ಲ, ಉದಾಸೀನ. ಆದರೆ ತಿದ್ದುವ ರೀತಿಯಲ್ಲಿ ತಿದ್ದುವವರ ಶೀಲ ಕಾಣುತ್ತದೆ. ದಿನಕ್ಕೊಂದು ತಪ್ಪನ್ನು ನಗದೆ ತಿದ್ದಿದ ಅಧ್ಯಾಪಕ ವರ್ಷದ ಕೊನೆಗೆ ವಿದ್ಯಾರ್ಥಿಯ ಕನ್ನಡವನ್ನಷ್ಟೇ ಅಲ್ಲ, ತನ್ನನ್ನೂ ತಿದ್ದಿಕೊಂಡಿರುತ್ತಾನೆ. ಪಾಂಡಿತ್ಯ ಶ್ರೀನಿವಾಸಾಚಾರ್ಯರಲ್ಲಿ ಮೊದಲೂ ಇತ್ತು. ಅದು ಕೃತಿಯಾಗಿ ನಮ್ಮ ಕೈಗೆ ಬಂದದ್ದು ಉತ್ತನೂರಿನ ಅನಂತರ.

ಅಭ್ಯಾಸಕ್ಕೆ

1. ಯಶೋಧರನ ಕೃತ್ಯದಲ್ಲಿ ಸಂಕಲ್ಪ ಮತ್ತು ಪರಿಣಾಮಗಳ ಸಂಬಂಧವನ್ನು ವಿವೇಚಿಸಿರಿ. ಮಾರಿದತ್ತನ ಪರಿವರ್ತನೆಗೆ ಕಥನವೇ ಕಾರಣವಾಗುವುದನ್ನು ಗಮನಿಸಿರಿ.

2. ಗೋಪಾಲದಾಸ ಮತ್ತು ಜಗನ್ನಾಥದಾಸರ ಪ್ರಸಂಗವನ್ನು ಪವಾಡಕಥೆಯಾಗಿಯೂ ಭಾಷಾಭಿಮಾನದ ಕಥೆಯಾಗಿಯೂ ಓದುವ ಎರಡು ಬಗೆಗಳನ್ನು ಹೋಲಿಸಿರಿ.

3. ನಿಮ್ಮ ಊರಿನ ಹಿರಿಯರಿಂದ ‘ಅಂತಃಕರಣ’, ‘ಕನಿಕರ’, ‘ಮರುಕ’, ‘ದಯೆ’ ಎಂಬ ಪದಗಳ ಬಳಕೆಯ ವಾಕ್ಯಗಳನ್ನು ಸಂಗ್ರಹಿಸಿ ಅರ್ಥಭೇದಗಳನ್ನು ಗುರುತಿಸಿರಿ. ಮನೆಮಾತು ತೆಲುಗು ಅಥವಾ ಮರಾಠಿಯಾಗಿರುವವರು ಆ ಭಾಷೆಯ ಸಮಾನ ಪದಗಳನ್ನೂ ತರಲಿ. ಮುಂದಿನ ತಿಂಗಳ ವಿಭಾಗದ ಚರ್ಚೆಯಲ್ಲಿ ಅವನ್ನೂ ಓದೋಣ.